ಲಾಲ್‌ಬೀ ಬರೆದಿಟ್ಟ ಲಾರಿ ನಂಬರು

ತುರ್ವಿಹಾಳದ ಸೂಗಪ್ಪನ ಹತ್ತಿರ ಒಂದು ಹಳೆಯ ಅಂಬಾಸಿಡರ್ ಕಾರಿತ್ತು. ಮದುವೆ, ದವಾಖಾನೆ ಎಂದು ಸುತ್ತಲಿನವರು ಅದನ್ನೇ ಬಾಡಿಗೆಗೆ ಕರೆಯುತ್ತಿದ್ದರು. 1995ರ ಒಂದು ಸಂತೆಯ ದಿನ ಮಸ್ಕಿಯಲ್ಲಿ ಕಾರು ನಿಲ್ಲಿಸಿ ಚಹಾ ಕುಡಿಯುತ್ತಿದ್ದ. ಭತ್ತದ ಲಾರಿಯೊಂದು ಹಿಂದಕ್ಕೆ ಬಂದು ಕಾರಿಗೆ ಗುದ್ದಿತು. ಎರಡು ಬಾಗಿಲು ನುಜ್ಜುಗುಜ್ಜಾದವು.

"ರಿಪೇರಿ ಖರ್ಚು ಕೊಡ್ರಿ," ಎಂದು ಸೂಗಪ್ಪ ಕೇಳಿದ.

"ನೀ ಯಾಕ ಇಲ್ಲಿ ನಿಲ್ಸಿದ್ದಿ? ಏನ್ ಮಾಡ್ಕೊಂತಿ ಮಾಡ್ಕೊ," ಎಂದು ಲಾರಿ ಚಾಲಕ ಹೊರಟೇ ಹೋದ. ಗಾಬರಿಯಲ್ಲಿ ಸೂಗಪ್ಪ ನಂಬರು ನೋಡಿಕೊಳ್ಳಲಿಲ್ಲ.

ಎದುರಿಗೆ ಬಳೆ ಮಾರುತ್ತಿದ್ದ ಲಾಲ್‌ಬೀ ಎದ್ದು ಬಂದಳು. ಅವಳು ಸಾಕ್ಷರತಾ ತರಗತಿಗೆ ಸೇರಿ ನಾಲ್ಕೇ ತಿಂಗಳಾಗಿತ್ತು. ಬಳೆಯ ರಟ್ಟಿನ ಡಬ್ಬಿಯ ಮೇಲೆ ಪೆನ್ಸಿಲಿನಿಂದ ಗೀಚಿದ್ದನ್ನು ತೋರಿಸಿದಳು.

"ನೋಡಣ್ಣ, ಲಾರಿ ನಂಬರ. ಇಂಗ್ಲಿಷ್ ಅಕ್ಷರ ನಂಗ ಬರಂಗಿಲ್ಲ. ಅವುನ್ನ ಚಿತ್ರ ತಗದಂಗ ತಗದೀನಿ."

ಅವಳೇ ಅವನನ್ನು ತನಗೆ ಕಲಿಸುವ ಗುರುಲಿಂಗಮ್ಮ ಅಕ್ಕೋರ ಮನೆಗೆ ಕರೆದೊಯ್ದಳು. ನಡೆದದ್ದನ್ನು ಕೇಳಿದ ಅಕ್ಕೋರು ಮೊದಲು ಠಾಣೆಗೆ ಹೋಗಲು ಹೇಳಿದರು.

"ಬ್ಯಾಡ್ರಿ ಅಕ್ಕೋರೆ. ಠಾಣೆ, ಕೋರ್ಟು ಅಂತ ಅಡ್ಡಾಡಿದ್ರ ಬಾಡಿಗಿ ತಪ್ತಾವ. ಅದು ದೊಡ್ಡ ಮಂದಿ ಲಾರಿ," ಎಂದ ಸೂಗಪ್ಪ.

"ದೊಡ್ಡ ಮಂದಿ ಲಾರಿಗೂ ವಿಮಾ ಇರಬೇಕಂತ ಕಾಯ್ದೆ ಐತ್ರಿ," ಎಂದರು ಅಕ್ಕೋರು. " ಅವರು ಹಾಳು ಮಾಡಿದ್ದಕ್ಕ ಅದರಾಗ ಪರಿಹಾರ ಕೇಳಬೌದು. ಮೊದ್ಲ ಠಾಣೆಗೆ ಫಿರ್ಯಾದು ಕೊಟ್ಟು ನಕಲು ಇಸ್ಕೊರಿ. ಪೊಲೀಸರು ನೋಡೋ ತನಕ ರಿಪೇರಿಗೆ ಬಿಡಬ್ಯಾಡ್ರಿ. ಫೋಟೊ ತಗಸ್ರಿ. ಮೇಸ್ತ್ರಿ ಕಡಿಂದ ಖರ್ಚಿನ ಅಂದಾಜು ಬರಸ್ಕೊರಿ."

"ಸಾಕ್ಷಿ ಯಾರು ಹೇಳ್ತಾರ್ರಿ?"

"ನಾ ಅದೀನಲ್ಲ," ಎಂದಳು ಲಾಲ್‌ಬೀ.

ಠಾಣೆಯಲ್ಲಿ ಹೆಬ್ಬೆಟ್ಟಿಗೆಂದು ಶಾಯಿ ಡಬ್ಬಿ ಮುಂದಿಟ್ಟರು. ಅವಳು ಅದನ್ನು ಪಕ್ಕಕ್ಕೆ ಸರಿಸಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು. ಅದನ್ನು ನೋಡಿ ಸೂಗಪ್ಪನಿಗೂ ಧೈರ್ಯ ಬಂತು.

ನಂಬರಿನಿಂದ ಲಾರಿಯ ಮಾಲೀಕನ ಹೆಸರು, ವಿಮೆಯ ವಿವರ ಸಿಕ್ಕವು. ಸಿಂಧನೂರಿನ ಆ ಮಾಲೀಕ, "ನಮ್ಮ ಲಾರಿ ಅವತ್ತು ಮಸ್ಕಿಗೇ ಹೋಗಿಲ್ಲ," ಎಂದ. ಆಗ ಸೂಗಪ್ಪ ವಕೀಲರಿಂದ ಮಾಲೀಕನಿಗೂ ವಿಮಾ ಕಂಪನಿಗೂ ರಿಜಿಸ್ಟರ್ ಪತ್ರ ಕಳಿಸಿದ. ಫಿರ್ಯಾದಿನ ನಕಲು, ಫೋಟೊ, ಸಾಕ್ಷಿಯ ಸಹಿ ಕಂಡ ಮೇಲೆ ಮಾಲೀಕನ ಮಾತು ಮೆತ್ತಗಾಯಿತು. ಎರಡು ತಿಂಗಳಲ್ಲಿ, ಕೇಸು ಹಾಕುವ ಮೊದಲೇ, ವಿಮಾ ಕಂಪನಿಯಿಂದ ರಿಪೇರಿಯ ಹಣ ಬಂತು.

ಹೊಸ ಬಾಗಿಲು ಹಾಕಿಸಿದ ದಿನ ಸೂಗಪ್ಪ ಸಾಕ್ಷರತಾ ತರಗತಿಯ ಹೆಂಗಸರನ್ನೆಲ್ಲ ಪುಕ್ಕಟೆ ಹತ್ತಿಸಿಕೊಂಡು ಊರು ಸುತ್ತಿಸಿದ. ಮುಂದೆ ಕೂತ ಲಾಲ್‌ಬೀ ದಾರಿಯುದ್ದಕ್ಕೂ ಅಂಗಡಿಗಳ ಬೋರ್ಡು ಓದಿದಳು. ಒಂದನ್ನು ತಪ್ಪಾಗಿ ಓದಿದಾಗ ಕಾರೆಲ್ಲ ನಗು.

ನಿಮ್ಮ ಗಾಡಿಗೆ ಯಾರಾದರೂ ಗುದ್ದಿ ಜಾರಿಕೊಂಡರೆ ಹೆದರಿ ಕೂರಬೇಡಿ. ನಂಬರು ಬರೆದಿಡಿ. ನೋಡಿದವರ ಹೆಸರು ಕೇಳಿಕೊಳ್ಳಿ. ಅದೇ ದಿನ ಠಾಣೆಗೆ ಹೋಗಿ. ರಶೀದಿಗಳನ್ನು ಜೋಪಾನ ಮಾಡಿ. ಬೇರೆಯವರಿಗೆ ಹೀಗಾದದ್ದನ್ನು ನೀವು ಕಂಡರೆ, ಮುಂದೆ ಬಂದು ಸಾಕ್ಷಿ ಹೇಳಿ. ನಿಮ್ಮ ಒಂದು ಸಹಿಯಿಂದ ಒಬ್ಬರ ದುಡಿಮೆ ಉಳಿಯುತ್ತದೆ.