ಬೆಂಬಾದವನ ಜೊತೆ ಜಗಳ

ಬೆಂಬಾ ಜನದವನ ಮೇಲೆ ಸಿಟ್ಟು ಬಂದರೆ ನಾವು ಅಂಗೊನಿ ಜನ ಏನೂ ಮಾಡುವ ಹಾಗಿಲ್ಲ. ನಮ್ಮ ಮುತ್ತಜ್ಜಂದಿರೂ ಅವರ ಮುತ್ತಜ್ಜಂದಿರೂ ಹೊಡೆದಾಡಿ ಹೊಡೆದಾಡಿ ಸಾಕಾಗಿ, ಇನ್ನು ಬಾಯಲ್ಲಷ್ಟೇ ಕಾದಾಡೋಣ ಎಂದು ಒಪ್ಪಂದ ಮಾಡಿಕೊಂಡರಂತೆ. ಅಂದಿನಿಂದ ಅವರು ನಮಗೆ ಭಾವಂದಿರು. ಅವರು ನಮ್ಮನ್ನು ಇಲಿ ತಿನ್ನುವವರು ಎನ್ನಬಹುದು, ನಾವು ಅವರನ್ನು ಕೋತಿ ತಿನ್ನುವವರು ಎನ್ನಬಹುದು. ಸಾವಿನ ಮನೆಯಲ್ಲೂ ಅನ್ನಬಹುದು. ಸಿಟ್ಟು ಮಾಡಿಕೊಂಡವನೇ ದಂಡ ತೆರಬೇಕು.

ಈ ಏರ್ಪಾಡು ಮಾಡಿದ ಮುತ್ತಜ್ಜ ಯಾರೋ, ಅವನ ಕೈಯಿಂದ ಯಾರೂ ಕೆಲಸ ಕಿತ್ತುಕೊಂಡಿರಲಿಲ್ಲ ಎಂದು ಕಾಣುತ್ತದೆ.

ನನ್ನದು ಸಂಬಳವಿಲ್ಲದ ಕೆಲಸ. ನಮ್ಮ ಕಪೊಕೊ ಊರಿನ ಶಾಲೆಯನ್ನು ಸರಕಾರ ಕಟ್ಟಿದ್ದಲ್ಲ, ಊರವರೇ ಇಟ್ಟಿಗೆ ಸುಟ್ಟು ಕಟ್ಟಿದ್ದು. ಒಂದೇ ಕೋಣೆ, ಒಂದೇ ಕಪ್ಪುಹಲಗೆ. ಏಳನೆಯ ತರಗತಿಗೆ ನನ್ನ ಓದು ನಿಂತಿತು. ಯಾಕೆ ನಿಂತಿತು ಎಂದು ಕೇಳಬೇಡಿ, ನನ್ನ ಬಾಯಿ ಕೆಟ್ಟದ್ದು. ಚಿಕ್ಕ ಮಕ್ಕಳಿಗೆ ಅಕ್ಷರ ಹೇಳಿಕೊಡಲು ಯಾರೂ ಸಿಗದಿದ್ದಾಗ ನಾನೇ ಹೋಗಿ ನಿಂತೆ. ಊರವರು ಸರದಿಯ ಮೇಲೆ ಮೆಕ್ಕೆಜೋಳದ ಹಿಟ್ಟು ಕೊಡುತ್ತಿದ್ದರು. ಕೊಡದಿದ್ದರೆ ನಾನು ಕೇಳುತ್ತಿರಲಿಲ್ಲ. ಮಕ್ಕಳು ನನ್ನನ್ನು ಮೇಷ್ಟ್ರೇ ಎನ್ನುತ್ತಿದ್ದರು. ಅವರನ್ನು ಬಿಟ್ಟರೆ ಈ ಪ್ರಪಂಚದಲ್ಲಿ ನನ್ನನ್ನು ಮರ್ಯಾದೆಯಿಂದ ಕರೆದವರು ಯಾರೂ ಇಲ್ಲ.

ಹೀಗಿರುವಾಗ ಮುಸೊಂಡಾ ಬಂದ. ಬಾಡಿಗೆ ಸೈಕಲ್ಲಿನ ಹಿಂದೆ ಚೀಲ ತಬ್ಬಿಕೊಂಡು ಕೂತು, ಮೈಯೆಲ್ಲ ಕೆಂಪು ಧೂಳು ಮಾಡಿಕೊಂಡು ಬಂದ. ಮೇಷ್ಟ್ರ ಕಾಲೇಜು ಮುಗಿಸಿದ್ದಾನೆ, ಸರಕಾರ ಇನ್ನೂ ಕೆಲಸ ಕೊಟ್ಟಿಲ್ಲ, ಅಲ್ಲಿಯತನಕ ಸುಮ್ಮನೆ ಕೂರುವ ಬದಲು ಎಲ್ಲಾದರೂ ಬಿಟ್ಟಿ ಪಾಠ ಮಾಡುತ್ತಾನಂತೆ. ಬೆಂಬಾ ಜನದವನು. ನನ್ನಷ್ಟೇ ವಯಸ್ಸು. ಶಾಲಾ ಸಮಿತಿಯ ಜೆರೆ ತಾತನಿಗೆ ಖುಷಿಯೋ ಖುಷಿ.

“ಜೊಂಡಿವೆ, ನಿನ್ನ ಕಷ್ಟ ತೀರ್ತು ಕಣೋ,” ಎಂದ ತಾತ. “ಕಾಲೇಜು ಓದಿದ ಮೇಷ್ಟ್ರು ಸಿಕ್ರು. ನಾಳೆಯಿಂದ ಮಕ್ಕಳನ್ನ ಅವರಿಗೆ ಒಪ್ಪಿಸಿ ನೀನು ಹತ್ತಿ ಹೊಲ ನೋಡ್ಕೊ. ಪಾಪ, ಎಷ್ಟು ದಿನ ಅಂತ ಬಿಟ್ಟಿ ದುಡೀತೀಯ.”

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಬೆನ್ನು ತಟ್ಟಿ ಕಿತ್ತುಕೊಂಡವನಿಗೆ ಏನು ಹೇಳುವುದು?

ಮುಸೊಂಡಾನ ಜೊತೆಯಾದರೂ ಸರಿಯಾಗಿ ಜಗಳ ಮಾಡಬೇಕೆಂದು ಮಾರನೆಯ ದಿನ ಕೈಪಂಪಿನ ಹತ್ತಿರ ಹೋದೆ. ಹೆಂಗಸರ ನಡುವೆ ಬಕೆಟ್ ಇಟ್ಟುಕೊಂಡು ನಿಂತಿದ್ದ.

“ಏಯ್, ನಮ್ಮೂರಿಗೆ ಯಾಕೆ ಬಂದೆ? ನಿಮ್ ಕಡೆ ಕೋತಿ ಎಲ್ಲಾ ಮುಗಿದೋದ್ವಾ?”

“ಮುಗೀಲಿಲ್ಲ ಭಾವ. ಒಂದು ತಪ್ಪಿಸ್ಕೊಂಡು ಈ ಕಡೆ ಬಂತು ಅಂದ್ರು. ಹುಡುಕ್ಕೊಂಡು ಬಂದೆ, ಈಗ ತಾನೇ ಸಿಕ್ತು.”

ಹೆಂಗಸರು ಪಂಪು ಒತ್ತುವುದನ್ನು ಬಿಟ್ಟು ನಕ್ಕರು.

“ನಾನು ತಮಾಷೆ ಮಾಡ್ತಿಲ್ಲ. ನೀನು ಕಳ್ಳ.”

“ಹೌದು ಮತ್ತೆ. ನಿಮ್ಮಜ್ಜನ ದನ ಹೊಡ್ಕೊಂಡು ಹೋಗಿದ್ದು ನಮ್ಮಜ್ಜನೇ. ಹಾಲು ಚೆನ್ನಾಗಿತ್ತಂತೆ.”

“ಎಷ್ಟು ಬೇಗ ಒಗ್ಗಿದಾವೆ ನೋಡೇ ಎರಡೂ,” ಎಂದಳು ಒಬ್ಬಳು. ಊರ ತುಂಬ ಅದೇ ಸುದ್ದಿ: ಜೊಂಡಿವೆಗೆ ಒಳ್ಳೆಯ ಭಾವ ಸಿಕ್ಕಿದ್ದಾನೆ.

ಅವನು ಕೆಟ್ಟದಾಗಿ ಪಾಠ ಮಾಡಿದ್ದರೆ ನನಗೆ ಒಂದಿಷ್ಟು ನೆಮ್ಮದಿ ಇರುತ್ತಿತ್ತು. ಚೆನ್ನಾಗಿಯೇ ಮಾಡುತ್ತಿದ್ದ. ನಾನು ಕೂಗಿಸಿ ಕೂಗಿಸಿ ಬಾಯಿಪಾಠ ಮಾಡಿಸಿದ್ದನ್ನು ಅವನು ಸೋಡಾ ಮುಚ್ಚಳ ಹರಡಿ ಲೆಕ್ಕ ಮಾಡಿಸುತ್ತಿದ್ದ. ನನ್ನ ಮುಂದೆ ಬಾಯಿ ಬಿಡದ ತಮಂಡಾನಿ ಎಂಬ ಹುಡುಗಿ ಅವನ ತರಗತಿಯಲ್ಲಿ ಕೈಯೆತ್ತಿ ಉತ್ತರ ಹೇಳುತ್ತಿದ್ದಳು. ಕಿಟಕಿಯ ಹೊರಗೆ ನಿಂತು ನೋಡಿ ಹೊಟ್ಟೆ ಉರಿಸಿಕೊಂಡೆ.

ಸಂಜೆಯಾದರೆ ಅವನು ಶಾಲೆಯ ಹಿಂದಿನ ದೊಡ್ಡ ಹುತ್ತ ಹತ್ತುತ್ತಿದ್ದ. ಊರಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಅಲ್ಲೊಂದೇ ಕಡೆ. ಕೆಲಸದ ಆದೇಶ ಬಂತಾ ಎಂದು ನೋಡಿ, ಮುಖ ಇಳಿಸಿಕೊಂಡು ಇಳಿಯುತ್ತಿದ್ದ. ಅದು ಬಂದ ದಿನ ಇವನು ಹೋಗುತ್ತಾನೆ. ಆಗ ಎಲ್ಲರೂ ನನ್ನ ಹೊಲಕ್ಕೆ ಬಂದು, ಜೊಂಡಿವೆ, ವಾಪಸ್ ಬಾರೋ ಎನ್ನುತ್ತಾರೆ. ನಾನೇನು ಬಾಗಿಲಿಗೆ ಹಾಕುವ ಅಗುಳಿಯೇ, ಬೇಕಾದಾಗ ತೆಗೆದು ಬೇಕಾದಾಗ ಹಾಕಲು?

ಭಾವಂದಿರ ನಡುವೆ ಇನ್ನೊಂದು ಹಕ್ಕಿದೆ. ಒಬ್ಬರದನ್ನು ಇನ್ನೊಬ್ಬರು ಕಿತ್ತುಕೊಳ್ಳಬಹುದು. ನಮ್ಮ ಮಾವನ ಮಣ್ಣಿಗೆ ಬಂದ ಬೆಂಬಾದವನೊಬ್ಬ ಹೆಣಕ್ಕೆಂದು ನಾವು ತೋಡಿದ ಗುಂಡಿಗೆ ಇಳಿದು ಮಲಗಿ, ಕೋಳಿ ಕೊಟ್ಟ ಮೇಲೇ ಎದ್ದಿದ್ದ. ಕಿತ್ತುಕೊಂಡದ್ದನ್ನು ಕೋಳಿ ಕೊಟ್ಟು ಬಿಡಿಸಿಕೊಳ್ಳಬೇಕು. ಸೂರ್ಯ ಮುಳುಗುವುದರೊಳಗೆ ಬಿಡಿಸಿಕೊಳ್ಳದಿದ್ದರೆ ಅದು ಕಿತ್ತುಕೊಂಡವನದೇ. ಹಾಗೆ ಬಿಟ್ಟವರನ್ನು ನಾನು ಕಂಡಿಲ್ಲ, ಆ ಮಾತು ಬೇರೆ.

ಒಂದು ಬೆಳಿಗ್ಗೆ ನೇರ ಒಳಗೆ ಹೋಗಿ, ಗೋಡೆಯಿಂದ ಕಪ್ಪುಹಲಗೆ ಕಿತ್ತು ತಲೆಯ ಮೇಲೆ ಹೊತ್ತುಕೊಂಡೆ. “ಏಳ್ರೋ,” ಎಂದೆ. ಮಕ್ಕಳು ಅಭ್ಯಾಸಬಲದಿಂದ ಎದ್ದು ನನ್ನ ಹಿಂದೆ ಸಾಲು ಹಿಡಿದರು. ಮುಸೊಂಡಾ ಸೀಮೆಸುಣ್ಣ ಹಿಡಿದುಕೊಂಡು ಖಾಲಿ ಗೋಡೆಯ ಮುಂದೆ ನಿಂತಿದ್ದ.

ಮಾವಿನ ಮರದ ಕೆಳಗೆ ಹಲಗೆ ಒರಗಿಸಿ ಪಾಠ ಶುರು ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ಸೇರಿತು. ನಗು ಎಂದರೆ ನಗು. ನ್ಯಾಸಕಲಾ ಅಜ್ಜಿ ಮನೆಯಿಂದ ಕೋಳಿಯೊಂದನ್ನು ತಂದು ಮುಸೊಂಡಾನ ಕೈಗೆ ತುರುಕಿದಳು.

“ತಗೊಳ್ಳಿ ಮೇಷ್ಟ್ರೇ, ಇದನ್ನ ಕೊಟ್ಟು ಬಿಡಿಸ್ಕೊಳ್ಳಿ. ಮೊಟ್ಟೆ ಇಡೋದು ನಿಲ್ಲಿಸಿದೆ. ಅಂಗೊನಿಗೆ ಇದೇ ಜಾಸ್ತಿ.”

“ನಾನು ಕೊಡಲ್ಲ,” ಎಂದೆ.

“ಬೆಲೆ ಏರಿಸ್ತಿದಾನೆ,” ಎಂದ ಜೆರೆ ತಾತ, ತೊಡೆ ತಟ್ಟಿಕೊಂಡು.

“ತಾತ, ನಿಜವಾಗ್ಲೂ ಕೊಡಲ್ಲ. ಇವನು ದಿನಾ ಹುತ್ತ ಹತ್ತಿ ಫೋನ್ ನೋಡ್ತಾನೆ. ಆದೇಶ ಬಂದ ತಕ್ಷಣ ಹೋಗ್ತಾನೆ. ಆಮೇಲೆ ಈ ಮಕ್ಕಳಿಗೆ ಯಾರು? ನನ್ನ ಕೇಳಿದ್ರಾ ನೀವು? ಹತ್ತಿ ಹೊಲ ಬೇಕು ಅಂತ ನಾನು ಹೇಳಿದ್ನಾ? ಇದು ನನ್ನ ತರಗತಿ. ನನಗಿರೋದು ಇದೊಂದೇ.”

ನನ್ನ ಕಣ್ಣಲ್ಲಿ ನೀರು ಬಂತು. ನ್ಯಾಸಕಲಾ ಅಜ್ಜಿ ಸೆರಗಿನಿಂದ ತನ್ನ ಕಣ್ಣು ಒರೆಸಿಕೊಂಡಳು, ನಕ್ಕೂ ನಕ್ಕೂ. “ನೋಡ್ರೇ, ಅಳೋದೂ ಕಲ್ತಿದಾನೆ. ನನ್ನ ಸಾವಿಗೂ ಇವನನ್ನೇ ಕರೀರಿ.”

ಮುಸೊಂಡಾ ಒಬ್ಬನೇ ನಗುತ್ತಿರಲಿಲ್ಲ. ಕಂಕುಳಲ್ಲಿ ಕೋಳಿ ಇಟ್ಟುಕೊಂಡು ನನ್ನ ಹತ್ತಿರ ಬಂದ.

“ಭಾವ, ಇದು ನಿಜಾನಾ?” ಎಂದು ಮೆಲ್ಲಗೆ ಕೇಳಿದ.

“ನಿಜ.”

“ಮೊದಲೇ ಯಾಕೆ ಹೇಳ್ಲಿಲ್ಲ?”

“ಪಂಪಿನ ಹತ್ರ ಹೇಳಿದ್ನಲ್ಲ, ಕಳ್ಳ ಅಂತ.”

“ಅದನ್ನ ಯಾವ ಬೆಂಬಾ ನಂಬ್ತಾನೆ? ನಿಂಗೇ ಸಾಕಾಗಿದೆ ಅಂತ ತಾತ ಹೇಳಿದ್ರು. ನಾನು ನಿನಗೆ ಉಪಕಾರ ಮಾಡ್ತಿದೀನಿ ಅಂದ್ಕೊಂಡಿದ್ದೆ.”

ಸ್ವಲ್ಪ ಹೊತ್ತು ಮಕ್ಕಳನ್ನೇ ನೋಡಿದ. ತಮಂಡಾನಿ ಅವನಿಗೆ ಕೈಬೀಸಿದಳು. ಅವನೂ ಬೀಸಿದ. ಆಮೇಲೆ ಕೋಳಿಯನ್ನು ಅಜ್ಜಿಯ ಮಡಿಲಿಗೆ ಹಾಕಿ, ಎಲ್ಲರಿಗೂ ಕೇಳುವಂತೆ ಹೇಳಿದ: “ಅಂಗೊನಿ ಕೋಳಿ ಇಸ್ಕೊಂಡು ಬೆಂಬಾ ಏನೂ ಬಿಡಿಸ್ಕೊಳ್ಳಲ್ಲ. ಮಕ್ಕಳು ಅವನಿಗೇ ಇರ್ಲಿ.”

ಜೆರೆ ತಾತನ ನಗು ಅರ್ಧಕ್ಕೆ ನಿಂತಿತು. “ಮೇಷ್ಟ್ರೇ, ಹೊತ್ತು ಮುಳುಗಿದ್ರೆ ವಾಪಸ್ ಇಲ್ಲ.”

“ಗೊತ್ತು ತಾತ. ಹೊಳೆ ಆಚೆಯ ದೊಡ್ಡ ಶಾಲೆಗೆ ಹೋಗೋದು ಬಿಟ್ಟು ಊರಲ್ಲೇ ದನ ಕಾಯ್ತಿರೋ ದೊಡ್ಡ ಹುಡುಗರಿದಾರಲ್ಲ, ಅವರನ್ನ ನನಗೆ ಕೊಡಿ. ಇರೋವರೆಗೂ ಅವರಿಗೆ ಹೇಳ್ಕೊಡ್ತೀನಿ.”

ಯಾರೂ ಮನೆಗೆ ಹೋಗಲಿಲ್ಲ. ಇವನು ಮನಸ್ಸು ಬದಲಾಯಿಸಬಹುದೆಂದು ಕಾದು ಕೂತರು. ಅವನು ಕಡಲೆಕಾಯಿ ಸುಲಿದು ತಿನ್ನುತ್ತ ಕೂತಿದ್ದ. ಸೂರ್ಯ ಗುಡ್ಡದ ಹಿಂದೆ ಇಳಿದ. ನ್ಯಾಸಕಲಾ ಅಜ್ಜಿ ನನ್ನ ಮುಖವನ್ನು ಒಂದು ಸಲ ಸರಿಯಾಗಿ ನೋಡಿ, ಕೋಳಿ ಎತ್ತಿಕೊಂಡು ಹೋದಳು. ಜೆರೆ ತಾತ ಎದ್ದು ನಿಂತು, “ನಿನ್ನನ್ನ ಕೇಳಬೇಕಾಗಿತ್ತು ಕಣೋ,” ಎಂದ. ಅಷ್ಟೇ ಹೇಳಿದ್ದು.

ಶಾಲೆಗೆ ವಾಪಸ್ ಒಯ್ಯಲು ಹಲಗೆಯ ಒಂದು ತುದಿ ಮುಸೊಂಡಾ ಹಿಡಿದ, ಇನ್ನೊಂದು ತುದಿ ನಾನು.

“ನೀನು ಹೋಗೋದಂತೂ ಖಾತ್ರಿ ತಾನೇ?” ಎಂದೆ.

“ಹೋಗ್ತೀನಿ ಭಾವ. ಅದಕ್ಕೇ ಬಿಟ್ಟುಕೊಟ್ಟಿದ್ದು. ಸರಿಯಾಗಿ ಎತ್ತು, ಇಲಿ ತಿಂದ ಮೈಯಲ್ಲಿ ಶಕ್ತಿ ಎಲ್ಲಿಂದ ಬರುತ್ತೆ.”

ಮರುದಿನ ಅವನು ದೊಡ್ಡ ಹುಡುಗರನ್ನು ಮಾವಿನ ಮರದ ಕೆಳಗೆ ಕೂರಿಸಿಕೊಂಡ, ನಾನು ಚಿಕ್ಕವರನ್ನು ಒಳಗೆ. ಹೊರಗಿನಿಂದ ಏಳರ ಮಗ್ಗಿ ಗೋಡೆ ಅದುರುವಂತೆ ಬಂತು.

“ನಮ್ಮದು ಕೇಳ್ಸಲ್ಲ ಮೇಷ್ಟ್ರೇ,” ಎಂದಳು ತಮಂಡಾನಿ.

“ಅವರದು ಕೇಳಿಸದ ಹಾಗೆ ಕೂಗಿ,” ಎಂದೆ.