ಗುಣಪಾಲ ಹಾಕಿದ ರುಜು

ಮದರಾಸು ಸರಕಾರದ ಕಾಲ, ೧೯೫೨ರ ಬೇಸಿಗೆ. ಕೊಳಕೆಬೈಲಿನ ಪಂಚಾಯತ್ ಬೋರ್ಡು ತನ್ನ ಪೇಟೆಗೊಂದು ಹೊಸ ಪ್ಲಾನು ಮಾಡಿತು. ಮಾಡಲಿ, ಯಾರು ಬೇಡ ಅಂದರು? ಆದರೆ ಬಸ್ಸು ನಿಲ್ಲುವ ಜಾಗಕ್ಕೆಂದು ಎಳೆದ ಕೆಂಪು ಗೆರೆ ನೇರ ಅಮ್ಮಣ್ಣಿಯ ಅಂಗಳಕ್ಕೆ ನುಗ್ಗಿ, ಬಾವಿಯನ್ನು ನುಂಗಿ, ಚಾವಡಿಯ ಅರ್ಧವನ್ನು ಕತ್ತರಿಸಿ ಆಚೆ ಹೋಗಿತ್ತು. ಮೂವತ್ತು ದಿನದೊಳಗೆ ಕೆಡವಬೇಕು, ಇಲ್ಲದಿದ್ದರೆ ಬೋರ್ಡೇ ಕೆಡವುತ್ತದೆ ಎಂದು ಆರ್ಡರು. ಬೋರ್ಡಿನ ಪ್ರೆಸಿಡೆಂಟರ ಭಾವನ ಖಾಲಿ ಹಿತ್ತಿಲು ರಸ್ತೆಯ ಎದುರಿಗೇ ಇತ್ತು. ಗೆರೆಗೆ ಅದು ಮಾತ್ರ ಕಾಣಲಿಲ್ಲ!

ಅಮ್ಮಣ್ಣಿ ಆರ್ಡರನ್ನು ಮಗಳು ಸುಂದರಿಯಿಂದ ಎರಡು ಸಲ ಓದಿಸಿದಳು. ಕೊನೆಯ ಸಾಲು ಕೇಳಿ ಅವಳ ಮೈಯೆಲ್ಲ ಉರಿದುಹೋಯಿತು. ‘ಮನೆಯ ಯಜಮಾನರಾದ ಗುಣಪಾಲರು ಇದಕ್ಕೆ ಒಪ್ಪಿ ರುಜು ಮಾಡಿರುತ್ತಾರೆ.’

ಗುಣಪಾಲ ಎಂದರೆ ಅವಳ ಗಂಡ.

“ನೀವು ಎಂತಕ್ಕೆ ರುಜು ಹಾಕಿದ್ದು?”

ಗುಣಪಾಲ ಎಲೆಯಡಿಕೆ ತಟ್ಟೆಯಿಂದ ತಲೆ ಎತ್ತಲಿಲ್ಲ. “ಪ್ರೆಸಿಡೆಂಟರು ಕುರ್ಚಿ ಕೊಟ್ರು ಮಾರಾಯ್ತಿ. ಯಜಮಾನ್ರೇ ಕೂತ್ಕೊಳ್ಳಿ ಅಂದ್ರು. ಅಷ್ಟು ಜನರ ಎದುರು ಇಲ್ಲ ಅನ್ಲಿಕ್ಕೆ ಬಾಯಿ ಬರ್ಲಿಲ್ಲ.”

ನೋಡಿ, ಕುರ್ಚಿಯ ಮಹಿಮೆ! ಅಳಿಯಸಂತಾನದ ಮನೆ ಅದು. ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಅಮ್ಮಣ್ಣಿಗೆ ಬಂದದ್ದು, ನಾಳೆ ಸುಂದರಿಯದು. ಗಂಡನಾದವನು ಅಲ್ಲಿ ಉಣ್ಣಬಹುದು, ಮಲಗಬಹುದು, ಗದರಲೂಬಹುದು. ಒಂದು ಹಿಡಿ ಮಣ್ಣನ್ನು ಇನ್ನೊಬ್ಬರಿಗೆ ಕೊಡುವ ಹಕ್ಕು ಅವನಿಗಿಲ್ಲ. ಪ್ರೆಸಿಡೆಂಟರಿಗೆ ಇದು ಗೊತ್ತಿಲ್ಲವೇ? ತಾನೂ ಅದೇ ಕಟ್ಟಿನಲ್ಲಿ ಸೋದರಮಾವನಿಂದ ಬಂದ ಆಸ್ತಿಯಲ್ಲಿ ಕೂತು ಮೀಸೆ ತಿರುವುವ ಮನುಷ್ಯ! ಹೆಂಗಸಿನ ಹತ್ತಿರ ಹೋಗಿ ಕೇಳುವುದಕ್ಕಿಂತ ಅವಳ ಗಂಡನನ್ನು ಉಬ್ಬಿಸುವುದು ಸುಲಭ ಎಂದುಕೊಂಡಿದ್ದರು, ಅಷ್ಟೇ.

ಮರುದಿನ ಅಮ್ಮಣ್ಣಿ ಮನೆ ತನ್ನದೆಂಬ ಪಟ್ಟೆಯ ಕಾಗದವನ್ನು ಸೆರಗಿನಲ್ಲಿ ಕಟ್ಟಿಕೊಂಡು, ಬಂದ್ಯೋಡಿನ ತನಕ ನಡೆದು ಕಾಸರಗೋಡಿನ ಬಸ್ಸು ಹತ್ತಿದಳು. ವಕೀಲ ಈಶ್ವರಪ್ರಸಾದರು ಕಾಗದವನ್ನೆಲ್ಲ ಓದಿ ಕನ್ನಡಕ ತೆಗೆದರು.

“ಕೇಸು ಗಟ್ಟಿ ಉಂಟು ಅಮ್ಮಣ್ಣಿಯಕ್ಕ. ಆದರೆ ಮನೆ ನನ್ನದಲ್ಲ ಅಂತ ನಿಮ್ಮ ಗಂಡನೇ ಕೋರ್ಟಿನಲ್ಲಿ ಹೇಳ್ಬೇಕಾಗ್ತದೆ. ಅವರಿಗೆ ನಾಚಿಕೆ ಆಗುದಿಲ್ವಾ?”

“ಆಗಲಿ. ಬಾವಿ ಮುಚ್ಚಿದ ಮೇಲೆ ಮಾನ ಮರ್ಯಾದೆ ಕುಡೀಲಿಕ್ಕೆ ಆಗ್ತದಾ?”

ಈಶ್ವರಪ್ರಸಾದರು ಬೋರ್ಡಿನ ಮೇಲೆ ಕೇಸು ಹಾಕಿದರು. ಕೋರ್ಟಿನ ಮುನ್ಸಿಫರು ಸದ್ಯಕ್ಕೆ ಏನನ್ನೂ ಕೆಡವಬಾರದೆಂದು ತಡೆ ಕೊಟ್ಟು, ವಿಚಾರಣೆಗೆ ದಿನ ಹಾಕಿದರು. ಆ ದಿನ ಅರ್ಧ ಪೇಟೆಯೇ ಕೋರ್ಟಿನಲ್ಲಿತ್ತು. ‘ಹೆಂಡತಿ ಹೇಳಿದಂತೆ ಕುಣಿಯುವವ ಅನ್ನಿಸಿಕೊಳ್ಳಬೇಡಿ’ ಎಂದು ಪ್ರೆಸಿಡೆಂಟರು ಗುಣಪಾಲನಿಗೆ ಹೇಳಿಕಳಿಸಿದ್ದು ಅಮ್ಮಣ್ಣಿಯ ಕಿವಿಗೂ ಬಿದ್ದಿತ್ತು. ಗುಣಪಾಲ ಸಾಕ್ಷಿಕಟ್ಟೆ ಹತ್ತುವಾಗ ಅವಳು ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ.

“ಮನೆ ಯಾರದ್ದು?” ಮುನ್ಸಿಫರು ಕೇಳಿದರು.

ಗುಣಪಾಲ ಪ್ರೆಸಿಡೆಂಟರನ್ನು ನೋಡಿದ, ನೆಲ ನೋಡಿದ, ಆಮೇಲೆ ಹೆಂಡತಿಯನ್ನು ನೋಡಿದ.

“ಅವಳದ್ದು ಸ್ವಾಮೀ. ನಾನು ಯಜಮಾನ ಅಲ್ಲ. ಯಾರೂ ಹಾಗೆ ಕರೆದದ್ದೇ ಇಲ್ಲ. ಇವರು ಕರೆದ್ರಲ್ಲ, ಆಸೆ ಆಯ್ತು. ರುಜು ಹಾಕಿಬಿಟ್ಟೆ.”

ಜನ ಗೊಳ್ಳೆಂದು ನಕ್ಕರು. ಅಮ್ಮಣ್ಣಿಗೆ ನಗು ಬರಲಿಲ್ಲ. ಅಷ್ಟು ಜನರ ನಡುವೆ ಬರಿಗೈಯಲ್ಲಿ ನಿಂತ ಆ ಗಂಡಸಿನ ಮೇಲೆ ಅವಳಿಗೆ ಪ್ರೀತಿ ಉಕ್ಕಿ ಬಂತು.

ಮನೆಯ ಒಡತಿಗೆ ನೋಟೀಸೇ ಕೊಡದೆ ಮಾಡಿದ ಆರ್ಡರು ನಿಲ್ಲುವುದಿಲ್ಲ ಎಂದು ಮುನ್ಸಿಫರು ಅದನ್ನು ರದ್ದು ಮಾಡಿದರು.

ಹೊರಗೆ ಮೆಟ್ಟಿಲ ಹತ್ತಿರ ಪ್ರೆಸಿಡೆಂಟರು ಅಡ್ಡ ನಿಂತರು. “ತುಂಬಾ ಹಾರಬೇಡ ಅಮ್ಮಣ್ಣಿ. ಹೊಸ ನೋಟೀಸು ನಿನ್ನ ಹೆಸರಿಗೇ ಬರ್ತದೆ.”

“ಬರಲಿ. ನನ್ನ ಕೈಗೇ ಕೊಡಿ,” ಎಂದಳು ಅಮ್ಮಣ್ಣಿ. “ಜಾಗ ಕೊಡ್ಲಿಕ್ಕಿಲ್ಲ ಅಂತ ಆವತ್ತೇ ಉತ್ತರ ಬರೆಸ್ತೇನೆ. ಆಮೇಲೆ ಪುನಃ ಇಲ್ಲೇ ಸಿಗುವ, ಪ್ರೆಸಿಡೆಂಟರೇ.”