ರೋಸಿಲಿ ಚೇಚಿಯ ಹಿಮ್ಮಡಿ

ರೋಸಿಲಿ ಚೇಚಿಯನ್ನು ನಾನು ಮೊದಲು ನೋಡಿದಾಗ ಅವರು ನಾಲ್ಕು ಮಹಡಿಯ ಒಂದು ಕಟ್ಟಡವನ್ನು ತಳ್ಳುತ್ತಿದ್ದರು.

ತೃಶ್ಶೂರಿನ ನಡುವಿನ ಸುತ್ತುರಸ್ತೆಯಾದ ರೌಂಡಿನಿಂದ ತುಸು ಒಳಗೆ, ನಮ್ಮ ಸೀರೆ ಅಂಗಡಿಯ ಹಿಂಬಾಗಿಲಿನ ಓಣಿ ಅದು. ಕೆಲಸಕ್ಕೆ ಸೇರುವ ಮೊದಲ ದಿನ ತಡವಾಗಬಾರದೆಂದು ಬೇಗನೆ ಬಂದು, ಶಟರ್ ಏಳುವುದನ್ನೇ ಕಾಯುತ್ತಾ ನಾನು ಗೋಡೆಯ ಬದಿಗೆ ನಿಂತಿದ್ದೆ. ಒಲ್ಲೂರಿನ ಬಸ್ಸಿನಿಂದ ಇಳಿದ ಒಬ್ಬ ಹೆಂಗಸು ಓಣಿಯೊಳಗೆ ಬಂದರು. ಬಲಗಾಲಿನ ಹಿಮ್ಮಡಿಯನ್ನು ನೆಲಕ್ಕೆ ತಾಗಿಸದೆ, ಮಲಗಿದ ಮಗುವಿನ ಪಕ್ಕದಿಂದ ದಾಟಿ ಹೋಗುವವರ ಹಾಗೆ ತುದಿಗಾಲಿನಲ್ಲಿ ಬರುತ್ತಿದ್ದರು. ಆದರೆ ಕತ್ತು ನೆಟ್ಟಗಿತ್ತು, ಸೆರಗಿನ ನೆರಿಗೆ ಒಂದಿಷ್ಟೂ ಅಲುಗುತ್ತಿರಲಿಲ್ಲ. ಕುಂಟುತ್ತಿರುವುದು ಕಾಲು ಮಾತ್ರ, ತಾನಲ್ಲ ಎನ್ನುವಂಥ ನಡಿಗೆ. ಕೊಡೆಯನ್ನೂ ಊಟದ ಚೀಲವನ್ನೂ ಮೆಟ್ಟಿಲ ಮೇಲಿಟ್ಟು, ಎರಡೂ ಅಂಗೈಗಳನ್ನು ಗೋಡೆಗೆ ಊರಿ, ಒಂದು ಕಾಲನ್ನು ಹಿಂದಕ್ಕೆ ಚಾಚಿ, ಹಿಮ್ಮಡಿಯನ್ನು ಮೆಲ್ಲಗೆ ನೆಲಕ್ಕೆ ಒತ್ತಿ, ಉಸಿರು ಬಿಗಿಹಿಡಿದು ಗೋಡೆಯನ್ನು ತಳ್ಳತೊಡಗಿದರು.

"ಎಷ್ಟು ಮುಂದೆ ಹೋಯ್ತು ರೋಸಿಲೀ?" ಎಂದು ಕಾವಲಿನ ಕೊಚ್ಚಾಪ್ಪು ಚೇಟ್ಟ ಬೀಡಿ ಆರಿಸುತ್ತಾ ಕೇಳಿದ.

"ನಿನ್ನೆಗಿಂತ ಒಂದಿಂಚು. ಓಣಂ ಹಬ್ಬದೊಳಗೆ ರೌಂಡಿನವರೆಗೆ ತಳ್ಳಿ ಕೊಡ್ತೇನೆ ಅಂತ ಮುದಲಾಳಿಗೆ ಹೇಳಿ. ಮೈನ್ ರೋಡಿನ ಅಂಗಡಿ ಆಗ್ಲಿ, ಪಾಪ" ಎಂದರು, ಅಂಗಡಿಯ ಧಣಿಯನ್ನು ಕುರಿತು.

ಮತ್ತೆ ನನ್ನ ಕಡೆ ತಿರುಗಿ, ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, "ಹೊಸಬಳಾ? ನಗ್ಬೇಡ ಮೋಳೇ. ಈ ಅಂಗಡೀಲಿ ಹತ್ತು ವರ್ಷ ನಿಂತ್ರೆ ನೀನೂ ತಳ್ತೀಯ" ಎಂದರು.

ಮಂಜೇಶ್ವರದ ಕಡೆಯ ಹಳ್ಳಿಯಿಂದ ಬಂದ ನನಗೆ ಬೆಲೆಚೀಟಿ ಅಂಟಿಸುವ ಕೆಲಸ ಸಿಕ್ಕಿದ್ದು ಅವರದೇ ಮಹಡಿಯಲ್ಲಿ. ಎಲ್ಲರಂತೆ ನಾನೂ ಅವರನ್ನು ಚೇಚಿ, ಅಂದರೆ ಅಕ್ಕ, ಎಂದು ಕರೆಯತೊಡಗಿದೆ. ಎರಡನೇ ಮಹಡಿಯನ್ನು ಎಲ್ಲರೂ ಮದುವೆ ಮಹಡಿ ಎನ್ನುತ್ತಿದ್ದರು. ವರನ ಕಡೆಯವರು ವಧುವಿಗಾಗಿ ಕೊಳ್ಳುವ ಪುಡವೆ, ಇಗರ್ಜಿಯಲ್ಲಿ ವರ ವಧುವಿನ ತಲೆಗೆ ಹೊದಿಸುವ ಮಂತ್ರಕೋಡಿ, ಎಲ್ಲ ಅಲ್ಲಿಯೇ. ಮಂಗಳದ ಬಟ್ಟೆ ಇರುವ ಜಾಗವೆಂದು ಅಲ್ಲಿ ಯಾರೂ ಚಪ್ಪಲಿ ಮೆಟ್ಟುತ್ತಿರಲಿಲ್ಲ. ಗಿರಾಕಿಗಳು ಬಾಗಿಲಲ್ಲಿ ಬಿಟ್ಟು ಬಂದರೆ, ಮಾರುವವರು ಬೆಳಗಿನಿಂದ ರಾತ್ರಿ ಅಂಗಡಿ ಮುಚ್ಚುವವರೆಗೆ ಬರಿಗಾಲಿನಲ್ಲಿ, ತೆಳ್ಳನೆಯ ಜಮಖಾನೆಯ ಕೆಳಗಿನ ಕಲ್ಲಿನ ನೆಲದ ಮೇಲೆ ನಿಲ್ಲುತ್ತಿದ್ದರು.

ಆ ಮಹಡಿಯಲ್ಲಿ ರೋಸಿಲಿ ಚೇಚಿ ನಿಲ್ಲುವ ರೀತಿಯೇ ಬೇರೆ. ಕೌಂಟರಿಗೆ ಒರಗುತ್ತಿರಲಿಲ್ಲ, ಕಾಲು ಬದಲಿಸುತ್ತಿರಲಿಲ್ಲ. ಸೀರೆಯ ಮಡಿಕೆಯನ್ನು ಎರಡು ಬೆರಳಲ್ಲಿ ಹಿಡಿದು ಒಮ್ಮೆ ಬೀಸಿದರೆ ಅದು ಗಾಳಿಯಲ್ಲಿ ಒಂದು ಕ್ಷಣ ತಂಗಿ, ತನ್ನ ಪೂರ್ತಿ ಅಗಲವನ್ನು ತಾನೇ ನೆನಪಿಸಿಕೊಂಡಂತೆ ಹರಡಿ, ಸದ್ದಿಲ್ಲದೆ ಇಳಿಯುತ್ತಿತ್ತು. ಬೆಲೆಯನ್ನು ಮೊದಲು ಹೇಳುತ್ತಿರಲಿಲ್ಲ. ಹುಡುಗಿಯ ಬಣ್ಣವನ್ನೂ ಅತ್ತೆಯಾಗುವವಳ ಮುಖವನ್ನೂ ಓದಿ, ಮೂರೋ ನಾಲ್ಕೋ ಸೀರೆ ಮಾತ್ರ ತೆಗೆಯುತ್ತಿದ್ದರು. ಮದುವೆಗೆ ಮುಂಚೆ ಮಂತ್ರಕೋಡಿ ಹುಡುಗಿಯ ತಲೆಗೆ ತಾಗಬಾರದೆಂಬ ರೂಢಿ ನಮ್ಮ ಅಂಗಡಿಯಲ್ಲಿತ್ತು. ಹಾಗಾಗಿ ಅದನ್ನು ತಮ್ಮ ತಲೆಗೇ ಹೊದ್ದು, ಕಣ್ಣು ತಗ್ಗಿಸಿ, ಐವತ್ತರ ಸಮೀಪದ ಆ ಹೆಂಗಸು ಒಂದು ಗಳಿಗೆ ಮದುವಣಗಿತ್ತಿಯೇ ಆಗಿಬಿಡುತ್ತಿದ್ದರು.

"ದಿನಕ್ಕೆ ಮೂರು ನಾಲ್ಕು ಸಲ ಮದುವೆ ಆಗ್ತೇನೆ ನಾನು" ಎಂದು ಗಿರಾಕಿಗಳನ್ನು ನಗಿಸುವರು. "ಅಷ್ಟೂ ಮದುವೆಯಲ್ಲಿ ಕಾಲಿಗೆ ಇಟ್ಟಿಗೆ ಬಿಸಿ ಮಾಡಿ ಕೊಡೋ ಗಂಡ ಮಾತ್ರ ಒಬ್ಬನೇ."

ಆ ಒಬ್ಬ ಗಂಡ, ಒಲ್ಲೂರಿನ ಹೆಂಚಿನ ಕಾರ್ಖಾನೆಯಲ್ಲಿ ದುಡಿಯುವ ವರೀತ್. ದಿನವೂ ರಾತ್ರಿ ಇಟ್ಟಿಗೆಯೊಂದನ್ನು ಒಲೆಯಲ್ಲಿ ಕಾಯಿಸಿ, ಅದರ ಮೇಲೆ ಎಕ್ಕದ ಎಲೆ ಹಾಸಿ ಹೆಂಡತಿಯ ಕಾಲ ಬಳಿ ಇಡುತ್ತಿದ್ದ. ಹಿಮ್ಮಡಿಗೆ ಶಾಖ ತಾಗುವಷ್ಟು ಹೊತ್ತು ಸುಖ. ಬೆಳಿಗ್ಗೆ ಹಾಸಿಗೆಯಿಂದ ಎದ್ದು ಮೊದಲ ಹೆಜ್ಜೆ ಇಟ್ಟರೆ ಮತ್ತೆ ಅದೇ ಮೊಳೆ ಚುಚ್ಚಿದಂಥ ನೋವು. ಸ್ವಲ್ಪ ನಡೆದರೆ ಸಡಿಲಾಗುವುದು. ಊಟಕ್ಕೆ ಕೂತು ಎದ್ದರೆ ಮತ್ತೆ ಚುಚ್ಚುವುದು. ನೆರೆಮನೆಯವರು ಮೂಳೆ ಬೆಳೆದಿದೆ, ಕೊಯ್ಸಿ ಅಂದರು. ವೈದ್ಯಶಾಲೆಯವರು ಎಣ್ಣೆ ಕೊಟ್ಟರು. ಕೊನೆಗೆ ಆಸ್ಪತ್ರೆಯ ಡಾಕ್ಟರಮ್ಮ ಅಂಗಾಲನ್ನು ಒತ್ತಿ ನೋಡಿ, ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ಹೋಗುವ ಪಟ್ಟಿಯಂಥ ನಾರು ಎಳೆದೆಳೆದು ಘಾಸಿಗೊಂಡಿದೆ ಎಂದು ತಿಳಿಸಿ ಹೇಳಿದರು. ಕೊಯ್ಯುವ ಅಗತ್ಯ ಇಲ್ಲ, ಆದರೆ ತಾಳ್ಮೆ ಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ. ಮೀನಖಂಡವನ್ನೂ ಅಂಗಾಲನ್ನೂ ದಿನಾ ಹಿಗ್ಗಿಸಬೇಕು, ಮಂಜುಗಡ್ಡೆ ಇಡಬೇಕು, ಮೆತ್ತನೆ ಚಪ್ಪಲಿ ಹಾಕಬೇಕು, ಗಟ್ಟಿ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲಬಾರದು, ಆಗಾಗ ಕೂರಬೇಕು.

"ಡಾಕ್ಟ್ರೇ, ಇದ್ರಲ್ಲಿ ಗೋಡೆ ತಳ್ಳೋದು, ಮಂಜುಗಡ್ಡೆ, ಎರಡೇ ನನ್ನ ಕೈಲಿರೋದು. ಉಳಿದದ್ದು ಮುದಲಾಳಿ ಕೈಲಿದೆ" ಎಂದು ಹೇಳಿ ಬಂದಿದ್ದರು.

ಕೈಲಿದ್ದ ಎರಡನ್ನು ಅವರು ವ್ರತದಂತೆ ನಡೆಸಿದರು. ನೀರು ತುಂಬಿದ ಬಾಟಲಿಯೊಂದನ್ನು ಊಟದ ಕೋಣೆಯ ಫ್ರಿಜ್ಜಿನಲ್ಲಿ ಗಟ್ಟಿಯಾಗಿಸಿ, ಊಟ ಮಾಡುತ್ತಾ ಮೇಜಿನ ಕೆಳಗೆ ಅದರ ಮೇಲೆ ಅಂಗಾಲನ್ನು ಹಿಂದೆ ಮುಂದೆ ಉರುಳಿಸುವರು. ಮೇಲೆ ಮೀನುಸಾರಿನ ಅನ್ನ, ಕೆಳಗೆ ಚಿಕಿತ್ಸೆ. ಒಂದು ಸಲ ಮಹಡಿಯ ಮೇಲ್ವಿಚಾರಕ ದಿವಾಕರೇಟ್ಟ, ಅಂದರೆ ನಮ್ಮೆಲ್ಲರ ದಿವಾಕರಣ್ಣ, ಬಿಸಿಲಿನಿಂದ ಬಂದವನು ಅದೇ ಬಾಟಲಿ ಎತ್ತಿ ಕರಗಿದಷ್ಟು ನೀರನ್ನು ಗಟಗಟ ಕುಡಿದ. ಊಟ ಮಾಡುತ್ತಿದ್ದವರೆಲ್ಲ ತಲೆಯೆತ್ತಿ ನೋಡಿದರು.

"ಎಂತ, ಎಲ್ಲ ನನ್ನ ಮುಖ ನೋಡ್ತೀರಿ?"

"ಏನಿಲ್ಲ ಏಟ್ಟಾ" ಎಂದರು ರೋಸಿಲಿ ಚೇಚಿ, ಅನ್ನ ಕಲಸುತ್ತಾ. "ಇಷ್ಟು ದಿನ ನಾವು ನಿಮ್ಮ ಕಾಲು ಹಿಡೀತಿದ್ವಿ. ಇವತ್ತು ನೀವು ನನ್ನ ಪಾದತೀರ್ಥ ತಗೊಂಡ್ರಿ."

ಇನ್ನು ಕೂರುವ ಮಾತು. ಅಂಗಡಿಗಳಲ್ಲಿ ದುಡಿಯುವವರಿಗೆ ಕೂರುವ ಹಕ್ಕಿದೆಯೆಂದು ಕಾನೂನು ಬಂದು ಆಗಲೇ ಕೆಲವು ವರ್ಷ ಕಳೆದಿತ್ತು. ನಮ್ಮ ಅಂಗಡಿಯೂ ಸ್ಟೂಲುಗಳನ್ನು ಕೊಂಡಿತ್ತು. ಅವು ಪರದೆಯ ಹಿಂದೆ, ಒಂದರ ಮೇಲೊಂದು, ಬಂದ ಪ್ಲಾಸ್ಟಿಕ್ ಹೊದಿಕೆಯಲ್ಲೇ ಇದ್ದವು. ಇನ್‌ಸ್ಪೆಕ್ಟರು ಬರುವ ದಿನ ಹೊರಗೆ, ಹೋದ ಮೇಲೆ ಒಳಗೆ. ಆದರೆ ಎಲ್ಲ ತಪ್ಪನ್ನೂ ಮುದಲಾಳಿಯ ಮೇಲೆ ಹೊರಿಸಿದರೆ ಅದು ಸತ್ಯವಾಗುವುದಿಲ್ಲ. ಗಿರಾಕಿಯ ಎದುರು ಕೂರುವುದು ಅಹಂಕಾರ, ನಿಲ್ಲುವುದೇ ಹಿರಿಮೆ ಎಂದು ಆ ಮಹಡಿಯ ಹೆಂಗಸರೂ ನಂಬಿದ್ದರು. ಅವರಲ್ಲಿ ಮೊದಲನೆಯವರು ರೋಸಿಲಿ ಚೇಚಿಯೇ. ತಮಗಿಂತ ಕಿರಿಯಳಾದ ಜಲಜ ತುಂಬು ಬಸುರಿಯಾಗಿದ್ದಾಗ ಒಮ್ಮೆ ಕಂಬಕ್ಕೆ ಬೆನ್ನು ಕೊಟ್ಟದ್ದನ್ನು ನೋಡಿ, "ಒರಗಿ ನಿಂತವಳ ಕೈಯಿಂದ ಯಾವ ಅಮ್ಮಚ್ಚಿ ಮಂತ್ರಕೋಡಿ ತಗೊಳ್ತಾರೆ? ನೆಟ್ಟಗೆ ನಿಲ್ಲು ಹೆಣ್ಣೇ" ಎಂದು ಗದರಿದ್ದರಂತೆ. ತಮ್ಮ ಹಿಮ್ಮಡಿಗೂ ಅವರು ತೋರಿಸಿದ್ದು ಇದೇ ನಿಷ್ಠುರತೆಯನ್ನು.

ಆ ನಿಷ್ಠುರತೆಯೇ ನೋವನ್ನು ಬೆಳೆಸಿತು. ಮಿಥುನ ಮಾಸದ ಹೊತ್ತಿಗೆ ಕುಂಟುವುದನ್ನು ಅಡಗಿಸಲಾಗದೆ ಹೋಯಿತು. ರವಿಕೆ ತುಂಡುಗಳನ್ನು ಪದರ ಪದರವಾಗಿ ಹೊಲಿದು ಕಾಲುಚೀಲದೊಳಗಿಟ್ಟು ಒಂದು ದಿನ ಬಂದರು. "ಮದುವೆ ಮಹಡಿಗೆ ಕಾಲುಚೀಲವಾ? ವಿಮಾನದಲ್ಲಿ ಬಂದ್ರಾ?" ಎಂದು ದಿವಾಕರೇಟ್ಟ ಅದನ್ನು ತೆಗೆಸಿದ. ಆತ ಕೆಟ್ಟವನಲ್ಲ, ಆತನೂ ನಿಂತೇ ಮುಪ್ಪಾದವನು. ಓಣಂ ಬರುವ ಚಿಂಗ ಮಾಸದ ಮದುವೆಗಳ ಗಡಿಬಿಡಿ ಶುರುವಾಗುವ ಮುಂಚೆ ಒಂದು ಮಧ್ಯಾಹ್ನ ಬಂದು ಮೆತ್ತಗೆ ಹೇಳಿದ:

"ರೋಸಿಲೀ, ಮುದಲಾಳಿ ಹೇಳಿದ್ರು. ಕೆಳಗೆ ಟವೆಲ್, ನೈಟಿ ಕೌಂಟರಿಗೆ ಹೋಗಿ. ಅಲ್ಲಿ ಚಪ್ಪಲಿ ಹಾಕ್ಬಹುದು. ಒಂದು ಗಳಿಗೆ ಕೂತ್ರೂ ಯಾರೂ ಕೇಳಲ್ಲ. ಸಂಬಳ ಇದೇ."

"ನನ್ನಿಂದ ಏನಾದ್ರೂ ತಪ್ಪಾಯ್ತಾ?"

"ತಪ್ಪಲ್ಲಪ್ಪ, ನಿಮ್ಮ ಕಾಲಿಗೆ ಒಳ್ಳೇದಲ್ವಾ?"

ಚೇಚಿ ಕೈಯಲ್ಲಿದ್ದ ಸೀರೆಯನ್ನು ಅಂಚಿಗೆ ಅಂಚು ಸೇರಿಸಿ ಮಡಿಸಿ, ಪೆಟ್ಟಿಗೆಯಲ್ಲಿಟ್ಟು, ಮುಚ್ಚಳ ಹಾಕಿದರು. "ಟವೆಲ್ ತಗೊಂಡು ಹೋದವರು ಯಾರೂ ತಿರುಗಿ ಬಂದು ಮದುವೆ ಫೋಟೋ ತೋರಿಸಲ್ಲ ಏಟ್ಟಾ. ನಾನು ಹೋಗಲ್ಲ."

"ಹಾಗಾದ್ರೆ ಈ ಸೀಸನ್ ನೆಟ್ಟಗೆ ನಿಂತು ತೋರಿಸಿ. ಕುಂಟಿದ್ರೆ ನನ್ನ ಕೈಲಿ ಏನೂ ಇಲ್ಲ."

ಡಾಕ್ಟರಮ್ಮ ಕೂರಬೇಕು ಅಂದದ್ದು. ಮಹಡಿ ಉಳಿಯಬೇಕಾದರೆ ನಿಲ್ಲಬೇಕು. ಈ ಎರಡರ ನಡುವೆ ಅವರು ಚಿಂಗದವರೆಗೆ ಹಲ್ಲು ಕಚ್ಚಿ ನಿಂತರು.

ಚಿಂಗದ ಒಂದು ಶನಿವಾರ ಇರಿಂಞಾಲಕುಡದಿಂದ ವರನ ಕಡೆಯ ಒಂದು ದೊಡ್ಡ ಗುಂಪು ಬಂತು. ವರನ ತಾಯಿ ಮುಂದಿನ ಕುರ್ಚಿಯಲ್ಲಿ ಕೂತು, ತೆಗೆದ ಸೀರೆಗೆಲ್ಲ ತಲೆಯಾಡಿಸುತ್ತಿದ್ದರು, ಅಡ್ಡಕ್ಕೆ. ಕೊನೆಗೆ ಮೇಲಿನ ಸಾಲಿನ ಕೆನೆಬಣ್ಣದ ಒಂದು ಕೋಡಿಯನ್ನು ಬೆರಳಿಟ್ಟು ತೋರಿಸಿದರು. ಚೇಚಿ ಏಣಿ ಹತ್ತಿ ಪೆಟ್ಟಿಗೆ ತೆಗೆದುಕೊಂಡು ಇಳಿಯುವಾಗ ಕೊನೆಯ ಮೆಟ್ಟಿಲು ತಪ್ಪಿ, ಪೂರ್ತಿ ಭಾರ ಬಲಹಿಮ್ಮಡಿಯ ಮೇಲೆ ಬಿತ್ತು. ಕೂಗಲಿಲ್ಲ. ಪೆಟ್ಟಿಗೆಯನ್ನು ಕೌಂಟರಿನ ಮೇಲಿಟ್ಟು, ಒಂಟಿಕಾಲಿನಲ್ಲಿ ಪರದೆಯವರೆಗೆ ಹೋಗಿ, ಒಂದು ಸ್ಟೂಲನ್ನು ಎಳೆದು ತಂದು, ಪ್ಲಾಸ್ಟಿಕ್ ಚರಚರ ಸದ್ದು ಮಾಡುತ್ತಿದ್ದಂತೆಯೇ, ವರನ ತಾಯಿಯ ನೇರ ಎದುರು ಕೂತರು. ಬೆನ್ನು ಮಾತ್ರ ನಿಂತಾಗ ಇದ್ದಷ್ಟೇ ನೆಟ್ಟಗೆ.

ದಿವಾಕರೇಟ್ಟ ಓಡಿಬಂದ. "ರೋಸಿಲೀ, ಏಳಿ ಏಳಿ! ಗಿರಾಕಿಗಳಿದ್ದಾರೆ!"

"ಗಿರಾಕಿಗಳು ಕೂತಿದ್ದಾರಲ್ಲ ಏಟ್ಟಾ. ನಾನೂ ಕೂತೆ."

"ಇದೆಂತ ಮರ್ಯಾದೆ?" ಎಂದರು ವರನ ತಾಯಿ.

"ಹಿಮ್ಮಡಿ ನೋವು ಅಮ್ಮಚ್ಚೀ. ಇವತ್ತಿನಿಂದ ಕೂತೇ ತೋರಿಸೋದು. ನಿಂತವರೇ ತೋರಿಸ್ಬೇಕು ಅಂತಿದ್ರೆ ಪಕ್ಕದಲ್ಲಿ ಜಲಜ ಇದ್ದಾಳೆ, ನನ್ನಷ್ಟೇ ಬಲ್ಲಳು. ಬೇಜಾರಿಲ್ಲ."

ವರನ ತಾಯಿ ಎದ್ದು ಜಲಜಳ ಕಡೆ ಹೋದರು. ಹಿಂದೆಯೇ ಗುಂಪೂ ಹೋಯಿತು. ರೋಸಿಲಿ ಚೇಚಿಯ ಎದುರಿನ ಕುರ್ಚಿಗಳೆಲ್ಲ ಖಾಲಿಯಾದವು. ಇಷ್ಟು ವರ್ಷದಲ್ಲಿ ಅವರ ಕೌಂಟರಿನಿಂದ ಒಂದು ಮದುವೆ ಎದ್ದುಹೋದದ್ದನ್ನು ಯಾರೂ ಕಂಡಿರಲಿಲ್ಲ. ಈಗ ಎದ್ದುಬಿಡುತ್ತಾರೆ ಎಂದುಕೊಂಡೆ. ಅವರು ಏಳಲಿಲ್ಲ. ತೆರೆದಿದ್ದ ಸೀರೆಗಳನ್ನು ತೊಡೆಯ ಮೇಲೆ ಎಳೆದುಕೊಂಡು, ಒಂದೊಂದಾಗಿ, ಅವಸರವಿಲ್ಲದೆ ಮಡಿಸಿದರು. ಒಂದು ಮಡಿಕೆಯೂ ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ.

ಜಲಜ ಆ ಕೆನೆಬಣ್ಣದ ಕೋಡಿಯನ್ನೇ ಮಾರಿದಳು. ಗುಂಪು ಕೆಳಗಿಳಿದ ಮೇಲೆ ದಿವಾಕರೇಟ್ಟ, "ನೋಡಿದ್ರಾ? ಇದಕ್ಕೇ ಹೇಳಿದ್ದು. ನಾಳೆಯಿಂದ ಕೆಳಗೆ" ಎಂದ. ಜಲಜ ಪರದೆಯ ಹಿಂದೆ ಹೋಗಿ ಇನ್ನೊಂದು ಸ್ಟೂಲು ಹೊತ್ತು ತಂದಳು.

"ಚೇಚೀ, ಬಸುರಿಯಾಗಿದ್ದಾಗ ಒರಗೋಕೂ ಬಿಡಲಿಲ್ಲ ನೀವು. ಈಗ ಒಂಚೂರು ಸರೀರಿ."

ರೋಸಿಲಿ ಚೇಚಿ ಅವಳ ಮುಖವನ್ನೇ ನೋಡಿದರು. ಕ್ಷಮಿಸು ಎನ್ನುವ ಮಾತು ಅವರ ಬಾಯಲ್ಲಿ ಎಂದೂ ಬಂದದ್ದಲ್ಲ, ಅಂದೂ ಬರಲಿಲ್ಲ. ಸ್ಟೂಲನ್ನು ಸರಿಸಿ ಜಾಗ ಕೊಟ್ಟು, ಅವಳ ಹೆಗಲಿನ ನೆರಿಗೆ ಸರಿಮಾಡಿ, "ಕೂತಾಗ ಸೆರಗು ನೆಲಕ್ಕೆ ತಾಗ್ತದೆ, ಎತ್ತಿ ಮಡಿಲಲ್ಲಿ ಇಟ್ಕೋ" ಎಂದರು.

ಆಮೇಲೆ ಮೂರನೆಯ ಸ್ಟೂಲು ಬಂತು, ನಾಲ್ಕನೆಯದು ಬಂತು. ಮುಂದಿನ ಗಿರಾಕಿಗಳು ಮೆಟ್ಟಿಲೇರಿ ಬರುವಷ್ಟರಲ್ಲಿ ಮಹಡಿಯ ಹೆಂಗಸರೆಲ್ಲ ಕೂತಿದ್ದರು.

"ಎಲ್ರನ್ನೂ ಟವೆಲ್ಲಿಗೆ ಕಳಿಸಿ ಏಟ್ಟಾ" ಎಂದಳು ಜಲಜ. "ಕೋಡಿಯನ್ನು ನೀವೇ ತಲೆಗೆ ಹೊದ್ದು ತೋರಿಸಿ. ಮೀಸೆಗೆ ಚೆನ್ನಾಗಿ ಒಪ್ತದೆ."

ಸಂಜೆ ಮುದಲಾಳಿಯೇ ಮೇಲೆ ಬಂದರು. ಕೌಂಟರಿನ ಉದ್ದಕ್ಕೂ ಕಣ್ಣಾಡಿಸಿ, ಇಳಿಯಹೊರಟು, ಅರ್ಧ ಮೆಟ್ಟಿಲಲ್ಲಿ ನಿಂತರು. "ದಿವಾಕರಾ, ಆ ಪ್ಲಾಸ್ಟಿಕ್ ಹರಿದು ತೆಗೆಸು. ಗಿರಾಕಿಗಳ ಎದುರು ಹಾಗೆ ಕೂತ್ರೆ ಅಂಗಡಿ ಹೆಸರು ಹಾಳು."

ಕೆಳಗಿನ ಕೌಂಟರಿನ ಮಾತು ಮತ್ತೆ ಏಳಲಿಲ್ಲ. ಕೆಲವು ದಿನಗಳ ಮೇಲೆ ಜಮಖಾನೆಯ ಅಡಿಗೆ ದಪ್ಪ ರಬ್ಬರು ಹಾಸು ಬಂತು. ಅದನ್ನು ಹಾಕಿಸಿದ್ದು ದಿವಾಕರೇಟ್ಟ, ಹಾಕಿಸಿ ಮೊದಲು ಮೆಟ್ಟಿ ನೋಡಿದ್ದೂ ಆತನೇ. ಕೂರುವುದು ಸಿಕ್ಕಿದ ಮೇಲೂ ನೋವು ಒಮ್ಮೆಲೇ ಹೋಗಲಿಲ್ಲ. ಡಾಕ್ಟರಮ್ಮ ಹೇಳಿದ್ದ ಹಾಗೆ, ಬಾಡಿಗೆ ಬಾಕಿಯಿಲ್ಲದ ಮೊಂಡ ಒಕ್ಕಲಿನಂತೆ, ತನ್ನ ಮನಸ್ಸು ಬಂದಾಗ ಒಂದೊಂದೇ ಸಾಮಾನು ಎತ್ತಿಕೊಂಡು ನಿಧಾನಕ್ಕೆ ಖಾಲಿ ಮಾಡಿತು.

ನಿಂತು ದುಡಿಯುವವರ ಒಂದು ಕುಲವೇ ಇದೆ. ದಾದಿಯರು, ಮೇಷ್ಟರುಗಳು, ಕಂಡಕ್ಟರುಗಳು, ಅಂಗಡಿಯ ಹೆಣ್ಣುಮಕ್ಕಳು. ತಮ್ಮ ಕಾಲಿನ ಮೇಲೆ ತಾವು ನಿಂತಿದ್ದೇವೆ ಎಂಬ ಹೆಮ್ಮೆ ಅವರ ಆಸ್ತಿ. ಆ ಹೆಮ್ಮೆಯನ್ನು ಅವರಿಂದ ಕಸಿಯುವುದು ಸುಲಭವಲ್ಲ, ಕಸಿಯಲೂಬಾರದು. ಆದರೆ ಹೆಮ್ಮೆ ಇರುವುದು ನಿಲುವಿನಲ್ಲಲ್ಲ, ಕೆಲಸದಲ್ಲಿ ಎಂದು ತಿಳಿಯಲು ಅವರಿಗೆ ತಮ್ಮ ಮೇಲೆಯೇ ಒಂದು ಗೆಲುವು ಬೇಕಾಗುತ್ತದೆ. ಅಂಥ ಗೆಲುವನ್ನು ಎಲ್ಲರೂ ಕಾಣುವ ಹಾಗೆ, ಖಾಲಿ ಕುರ್ಚಿಗಳ ಎದುರು ಕೂತು ಗೆದ್ದವರನ್ನು ನಾನು ಹತ್ತಿರದಿಂದ ಕಂಡಿದ್ದೇನೆ, ಅವರ ಜೊತೆ ಒಂದೇ ಮಹಡಿಯಲ್ಲಿ ದುಡಿದಿದ್ದೇನೆ ಎನ್ನುವುದು ನನಗೂ ಹೆಮ್ಮೆಯ ವಿಷಯ.

ರೋಸಿಲಿ ಚೇಚಿ ಈಗಲೂ ಮದುವೆ ಮಹಡಿಯಲ್ಲೇ ಇದ್ದಾರೆ. ಹೊದ್ದು ತೋರಿಸುವಾಗ ನಿಲ್ಲುತ್ತಾರೆ, ಮಡಿಸುವಾಗ ಕೂರುತ್ತಾರೆ. ಹೊಸದಾಗಿ ಸೇರಿದವರಿಗೆ ಎರಡನ್ನೂ ಕಲಿಸುತ್ತಾರೆ.